ನೋಟ್‌ಬುಕ್ಕಿನಲ್ಲಿ ಬರೆದ ‘ಇಲ್ಲ’

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹಾಸನದ ಒಂದು ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಕೈಯ ಆಪರೇಷನ್ ಇದ್ದರೆ ಕೊರಳ ಬುಡದ ಮೂಳೆಯ ಮೇಲ್ಗಡೆ ಸೂಜಿ ಚುಚ್ಚಿ, ನರಗಳ ಸುತ್ತ ಔಷಧಿ ಬಿಟ್ಟು, ಇಡೀ ತೋಳನ್ನು ಮರಗಟ್ಟಿಸುತ್ತಿದ್ದೆ. ರೋಗಿಗೆ ಪೂರಾ ಎಚ್ಚರವಿರುತ್ತಿತ್ತು. ಅದಕ್ಕೆ ನಮ್ಮಲ್ಲಿ ಮೊದಲಿನಿಂದ ಬಳಸುತ್ತಿದ್ದದ್ದು ಪ್ರೊಕೇನ್. ಹೊಸದಾಗಿ ಬಂದ ಲಿಗ್ನೊಕೇನ್ ಬೇಗ ಹಿಡಿಯುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಎಲ್ಲರೂ ಹೊಗಳಿದ್ದನ್ನು ಅನುಮಾನಿಸುವುದು ನನ್ನ ಹಳೇ ಚಟ. ನಾನೇ ಹೋಲಿಸಿ ನೋಡುತ್ತೇನೆಂದು ಒಂದು ನೋಟ್‌ಬುಕ್ ತೆರೆದೆ.

ಕ್ರಮ ಸರಳವಾಗಿತ್ತು: ಕೆಲವರಿಗೆ ಪ್ರೊಕೇನ್, ಕೆಲವರಿಗೆ ಲಿಗ್ನೊಕೇನ್. ಶುರುವಿಗೆ ಮುಂಚೆ ಪ್ರತಿಯೊಬ್ಬರನ್ನೂ ಗದರಿಸುತ್ತಿದ್ದೆ: “ಅಲ್ಲಾಡಬಾರದು. ಅಲ್ಲಾಡಿದರೆ ಕೈ ಉಳಿಯೋದಿಲ್ಲ.” ಆಮೇಲೆ ಆಗಾಗ “ನೋವಾಗುತ್ತಾ?” ಎಂದು ಕೇಳಿ, ಬಂದ ಉತ್ತರವನ್ನು ಬರೆದುಕೊಳ್ಳುತ್ತಿದ್ದೆ. ಶಾಂತಿಗ್ರಾಮದ ಗಾಡಿ ಹೊಡೆಯುವವನು, ಅರಕಲಗೂಡಿನ ಬಡಗಿ, ಚನ್ನರಾಯಪಟ್ಟಣದ ದರ್ಜಿ, ಎಲ್ಲರದೂ ಒಂದೇ ಉತ್ತರ: “ಇಲ್ಲ ಸಾ.” ಯಾವ ಔಷಧಿ ಕೊಟ್ಟರೂ, ಎಷ್ಟು ಹೊತ್ತಾದರೂ ಇಲ್ಲ. ಎರಡೂ ಸಮ ಎಂದು ತೀರ್ಮಾನಿಸಿ ಲಿಗ್ನೊಕೇನ್ ಬಾಟಲಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮನಸ್ಸಿನಲ್ಲೇ ಬೀಗುತ್ತಿದ್ದೆ ಕೂಡ.

ಒಂದು ಮಧ್ಯಾಹ್ನ ಹಳೇಕೋಟೆ ಕಡೆಯಿಂದ ಒಬ್ಬ ಹೆಂಗಸನ್ನು ಗಾಡಿಯಲ್ಲಿ ತಂದರು. ಕಬ್ಬಿನ ಗಾಣಕ್ಕೆ ಜಲ್ಲೆ ಕೊಡುವಾಗ ಬಲಗೈ ಸಿಕ್ಕಿಕೊಂಡಿತ್ತು. ಆಗಷ್ಟೇ ಮುದ್ದೆ ಉಂಡಿದ್ದಳು. ಪ್ರಜ್ಞೆ ತಪ್ಪಿಸಲು ಈಥರ್ ಕೊಟ್ಟರೆ ವಾಂತಿ ಉಸಿರಿಗೆ ಅಡ್ಡಬಂದು ಪ್ರಾಣಕ್ಕೇ ಅಪಾಯ. ಹಾಗಾಗಿ ತೋಳಿಗೆ ಪ್ರೊಕೇನ್ ಕೊಟ್ಟೆ. ಎಂದಿನಂತೆ ಗದರಿಸಿ ಕೆಲಸ ಶುರುಮಾಡಿದೆ.

ಬೆರಳು ಉಳಿಸಬೇಕೆಂಬ ಹಟದಲ್ಲಿ ಗಂಟೆಯ ಮೇಲೆ ಗಂಟೆ ಹೋಯಿತು. ನಡುನಡುವೆ ಕೇಳಿದೆ. “ಇಲ್ಲ ಸಾ” ಎಂದಳು. ದನಿ ಸಣ್ಣಗಾಗಿತ್ತು, ದಣಿದಿದ್ದಾಳೆ ಅಂದುಕೊಂಡೆ.

ಅಷ್ಟರಲ್ಲಿ ನಮ್ಮ ಹಿರಿಯ ನರ್ಸಮ್ಮ ಮೆಲ್ಲಗೆ ಹೇಳಿದರು: “ಡಾಕ್ಟ್ರೇ, ಅವಳ ಕಾಲು ನೋಡಿ.”

ಎರಡೂ ಪಾದಗಳು ಒಂದಕ್ಕೊಂದು ಹೆಣೆದುಕೊಂಡು, ಬೆರಳುಗಳು ಒಳಕ್ಕೆ ಮುದುರಿದ್ದವು. ಕಾಲುಂಗುರ ಪಕ್ಕದ ಬೆರಳನ್ನು ಒತ್ತಿ ರಕ್ತ ಬರಿಸಿತ್ತು. ಔಷಧಿ ಯಾವಾಗಲೋ ಇಳಿದುಹೋಗಿತ್ತು. ನಾನು ಜೀವವಿರುವ ಕೈಯನ್ನು ಕುಯ್ಯುತ್ತಿದ್ದೆ.

“ಯಾಕಮ್ಮಾ ಹೇಳಲಿಲ್ಲ?” ಎಂದೆ.

“ನೋಯ್ತದೆ ಅಂದ್ರೆ ಕೈ ತೆಗ್ದ್ಬುಡ್ತೀರ ಅಂತ ಸುಮ್ಕಿದ್ದೆ ಸಾ. ನಾಟಿ ಆಕೋ ಕೈ ಅದು.”

ಬೀರುವಿನ ಬೀಗ ತೆಗೆಸಿದೆ. ಲಿಗ್ನೊಕೇನ್ ಕೊಟ್ಟು ಕಾದು, ಉಳಿದ ಹೊಲಿಗೆ ಹಾಕಿದೆ. ಸಂಜೆ ನೋಟ್‌ಬುಕ್ ತೆರೆದರೆ ಪುಟದ ತುಂಬಾ ನನ್ನದೇ ಅಕ್ಷರದಲ್ಲಿ ಇಲ್ಲ, ಇಲ್ಲ, ಇಲ್ಲ. ಅವುಗಳಲ್ಲಿ ಎಷ್ಟು ನಿಜ ಎಂದು ಕೇಳೋಣವೆಂದರೆ ಅವರೆಲ್ಲ ತಂತಮ್ಮ ಊರು ಸೇರಿದ್ದರು. ನಾಚಿಕೆಯಾಯಿತು. ನಾನು ಔಷಧಿಗಳನ್ನಲ್ಲ, ನನ್ನ ಗದರಿಕೆಯನ್ನು ಅಳೆಯುತ್ತಿದ್ದೆ.

ಐದನೆಯ ದಿನಕ್ಕೆ ಅವಳ ಬೆರಳುಗಳು ಕಪ್ಪಾದವು. ವಾಸನೆ ಶುರುವಾಯಿತು. ಕೈ ತೆಗೆಯಲೇಬೇಕೆಂದು ಅವಳ ಗಂಡನಿಗೆ ಹೇಳುವಾಗ ಅವನ ಮುಖ ನೋಡಲಾಗಲಿಲ್ಲ. ಅವಳಿಗೆ ಹೇಳಿದಾಗ ಅವಳು ಅಳಲಿಲ್ಲ, ಗೋಡೆಯ ಕಡೆಗೆ ತಿರುಗಿಕೊಂಡಳು.

ಈ ಸಲ ಮೊದಲಿನಿಂದಲೇ ಲಿಗ್ನೊಕೇನ್ ಕೊಟ್ಟೆ. ಗದರಿಸಲಿಲ್ಲ.

“ನೋವಾಗುತ್ತಾ ತಾಯಿ?”

“ಇಲ್ಲ ಸಾ.”

ಅವಳ ಕಾಲು ನೋಡಿದೆ. ಬೆರಳುಗಳು ಸಡಿಲವಾಗಿದ್ದವು. ಈ ಸಲ ಅವಳು ಹೇಳಿದ್ದು ನಿಜ. ಮಣಿಕಟ್ಟಿನ ಮೇಲ್ಗಡೆ ಕೈಯನ್ನು ಕತ್ತರಿಸಿ ತೆಗೆದೆ.