ಗೋಡೆಯೊಳಗಿನ ಮೆಟ್ಟಿಲು

ಜೋಳದ ಚೀಲದ ಬಾಯಿ ಬಿಚ್ಚಿ ಕಣಜಕ್ಕೆ ಸುರಿದರೆ ಹೇಗೆ ಸದ್ದಾಗುತ್ತದೋ, ಹಾಗೆ. ಸರ್ರ್ ಎಂದು ಶುರುವಾಗಿ, ಒಂದೆರಡು ಕಲ್ಲು ಟಕ್ ಟಕ್ ಉರುಳಿ, ಆಮೇಲೆ ಸುಮ್ಮನಾಯಿತು. ಅತ್ತೆಗೆ ಮಧ್ಯಾಹ್ನದ ಚಹಾ ಕೊಟ್ಟು ಕೆಳಗಿಳಿಯುತ್ತಿದ್ದೆ. ಸದ್ದು ಬಂದದ್ದು ನನ್ನ ಬಲಭುಜಕ್ಕೆ ತಾಗುತ್ತಿದ್ದ ಗೋಡೆಯ ಒಳಗಿಂದ.

ನಮ್ಮ ವಾಡೆಯ ಮೆಟ್ಟಿಲು ಇದ್ದದ್ದೇ ಗೋಡೆಯ ಹೊಟ್ಟೆಯಲ್ಲಿ. ಅಕ್ಕೋಳದ ಕಡೆಯ ಕರಿಕಲ್ಲಿನ ಗೋಡೆ, ನಾಲ್ಕು ಮೊಳ ದಪ್ಪ. ಅದರ ನಡುವೆ ಒಬ್ಬರೇ ಓರೆಯಾಗಿ ಹತ್ತುವಷ್ಟು ಸಂದು ಬಿಟ್ಟು ಪಾವಟಿಗೆ ಕಟ್ಟಿದ್ದರು. ದರೋಡೆಕೋರರು ಬಂದರೆ ಒಬ್ಬೊಬ್ಬರಾಗಿಯೇ ಹತ್ತಬೇಕು, ಅದು ಆ ಕಾಲದ ಸೆಕ್ಯೂರಿಟಿ. ಕೆಳಗಿನ ಕೋಣೆಗಳಿಗೆ ಕಿಟಕಿ ಎಂಬುದೇ ಇರಲಿಲ್ಲ. ಬಂದೂಕಿನ ನಳಿಕೆ ಹಿಡಿಸುವಷ್ಟು ಕಿಂಡಿಗಳು, ಅಷ್ಟೇ. ಒಂದು ತಲೆಮಾರು ಅಂಗಳಕ್ಕೆ ತಗಡು ಹೊದಿಸಿತ್ತು, ಇನ್ನೊಂದು ಕಂಬಗಳಿಗೆ ಮೊಳೆ ಹೊಡೆದು ಕರೆಂಟಿನ ವೈರು ಎಳೆದಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಪಾಳಿ ಬಂತು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು ನಾನು. ಮದುವೆಯಾಗಿ ಹತ್ತು ವರ್ಷ ಆ ಕತ್ತಲೆ ಕೋಣೆಯಲ್ಲಿ ಮಲಗಿ, ಕಡೆಗೆ ನನ್ನ ಯಜಮಾನರಿಗೆ ಹೇಳಿದೆ: "ಇಟ್ಸ್ ಸಫೊಕೇಟಿಂಗ್. ನನಗೊಂದು ಕಿಟಕಿ ಬೇಕು."

ಅವರು ನಿಪ್ಪಾಣಿಯಿಂದ ಒಬ್ಬ ಗೌಂಡಿಯನ್ನು ಕರೆಸಿದರು. ಇಟ್ಟಿಗೆ ಕೆಲಸದಲ್ಲಿ ಹೆಸರಾದವನು. ಅತ್ತೆ ಮೇಲಿನಿಂದಲೇ ನಗುತ್ತಿದ್ದರು. "ನಮ್ಮ ಮೇಡಮ್ಮಗ ಗಾಳಿ ಬೇಕಂತ. ಉಸರಾಡೂದಕ್ಕೂ ಗೌಂಡಿ ಬೇಕಾತು."

ಅವರು ಎರಡು ವರ್ಷದಿಂದ ಕೆಳಗಿಳಿದಿರಲಿಲ್ಲ. ಮೊಣಕಾಲು ಮಡಚುತ್ತಿರಲಿಲ್ಲ, ಮೈಯೂ ಭಾರ. ಊಟ ನಾನು ಒಯ್ಯುತ್ತಿದ್ದೆ, ಬಚ್ಚಲು ಮೇಲೆಯೇ ಇತ್ತು.

ಆ ಮಧ್ಯಾಹ್ನ ಗೋಡೆಯೊಳಗಿನ ಸದ್ದು ಕೇಳಿ ನಾನು ಕಿಟಕಿ ಕೊರೆಯುತ್ತಿದ್ದ ಕೋಣೆಗೆ ಓಡಿದೆ. ಗೌಂಡಿ ಗೋಡೆಯ ತೂತಿಗೆ ಗೋಣಿಚೀಲ ತುರುಕುತ್ತಿದ್ದ. ಅದರ ಸಂದಿನಿಂದ ಕೆಮ್ಮಣ್ಣು, ಹರಳು, ಕಲ್ಲಿನ ಚೂರು ಜಾರುತ್ತಲೇ ಇದ್ದವು. ಅವನ ಕಾಲ ಬಳಿ ಉದ್ದನೆಯ ಕಲ್ಲೊಂದು ಬಿದ್ದಿತ್ತು.

"ಒಂದು ಕಲ್ಲು ತಗದೇನ್ರಿ ಬಾಯಾರ, ಒಂದ ಒಂದು," ಎಂದ. ಮುಖವೆಲ್ಲ ಬೆವರು.

ಯಜಮಾನರು ಮೋಟರ್ ಸೈಕಲ್ ಮೇಲೆ ಅಕ್ಕೋಳಕ್ಕೆ ಹೋಗಿ ಹಳೆಯ ಕಲ್ಲುಕುಟಿಗರೊಬ್ಬರನ್ನು ಕರೆತಂದರು. ಆ ಮುದುಕರು ಗೋಡೆಗೆ ಅಂಗೈ ಇಟ್ಟರು, ಕಿವಿ ಇಟ್ಟರು. ಬಿದ್ದ ಕಲ್ಲನ್ನು ನೋಡಿ ಗೌಂಡಿಯ ಕಡೆ ತಿರುಗಿದರು.

"ಇದು ಜೋಡುಗಲ್ಲಲೇ. ಹೊರಗಿನ ಮುಖಾ, ಒಳಗಿನ ಮುಖಾ ಎರಡೂ ಹಿಡಕೊಂಡು ನಿಂತಿತ್ತು. ನಡುವ ಬರೇ ಮಣ್ಣು. ಇಟ್ಟಂಗಿ ಅಂತ ತಿಳದೇನು?" ಆಮೇಲೆ ನನ್ನನ್ನು ಕೇಳಿದರು, "ಮ್ಯಾಲ ಯಾರದಾರ್ರೀ?"

"ನಮ್ಮ ಅತ್ತಿ."

"ಪಾವಟಿಗಿ ಎಲ್ಲೈತಿ?"

ನಾನು ಅದೇ ಗೋಡೆಗೆ ಕೈ ತೋರಿಸಿದೆ. ಮುದುಕರು ಗೌಂಡಿಯನ್ನು ಗೋಡೆಯಿಂದ ಆಚೆ ಸರಿಸಿದರು.

"ಇನ್ನ ಮ್ಯಾಲ ಅದರ ಮ್ಯಾಲ ಯಾರೂ ಕಾಲಿಡಬ್ಯಾಡ್ರಿ. ಅವ್ವಾರನ್ನ ಸಂಜಿಯೊಳಗ ಇಳಸ್ರಿ."

ಮೆಟ್ಟಿಲಿಲ್ಲದೆ ಹೇಗೆ ಇಳಿಸುವುದು? ಕಿಟಕಿ ಕೇಳಿದವಳು ನಾನು. ಯಾರೂ ಹಾಗೆ ಹೇಳಲಿಲ್ಲ, ಯಜಮಾನರು ನನ್ನ ಕಡೆ ನೋಡಲೂ ಇಲ್ಲ. ಅದು ಇನ್ನೂ ವರ್ಸ್.

ಉಪಾಯ ಹೊಳೆದದ್ದು ಆ ಮುದುಕರಿಗೇ. ಮಹಡಿಯ ನೆಲದಲ್ಲಿ ಒಂದು ಚೌಕದ ಬಾಯಿತ್ತು, ಹಲಗೆ ಮುಚ್ಚಿದ್ದು. ಅದರ ಮೇಲಿನ ತೊಲೆಗೆ ರಾಟೆ. ತಂಬಾಕಿನ ಬೋದಗಳನ್ನು, ಅಂದರೆ ದೊಡ್ಡ ಮೂಟೆಗಳನ್ನು, ಮೇಲೆಳೆಯಲು ಮಾಡಿಸಿದ್ದು. ತೊಲೆ ಗೋಡೆಯ ಮೇಲೆ ಕೂತಿಲ್ಲ, ಸಾಗುವಾನಿ ಕಂಬಗಳ ಮೇಲಿದೆ ಎಂದು ಅವರು ಮೂರು ಸಲ ಸುತ್ತು ಹಾಕಿ ಖಾತ್ರಿ ಮಾಡಿಕೊಂಡರು. "ಗ್ವಾಡಿ ಹ್ವಾದ್ರೂ ಕಂಬ ಇರ್ತಾವ," ಎಂದರು. ಹೊರಗಿನ ಗಂಡಸರು ಮೇಲೆ ಹೋಗಿ ಅತ್ತೆಯನ್ನು ಮುಟ್ಟಿ ಕಟ್ಟುವಂತಿರಲಿಲ್ಲ, ಯಜಮಾನರು ಕೆಳಗೆ ಹಗ್ಗಕ್ಕೆ ಬೇಕಿತ್ತು. ಆದ್ದರಿಂದ ಏಣಿ ಇಟ್ಟು, ಹಲಗೆ ಸರಿಸಿ ನಾನೇ ಹತ್ತಿದೆ, ಆಮೇಲೆ ಕೈಯಿರುವ ಕುರ್ಚಿಯೊಂದನ್ನು ಹಗ್ಗದಲ್ಲಿ ಮೇಲೆಳೆದುಕೊಂಡೆ.

ಅತ್ತೆ ಹಾಸಿಗೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ನೆಲದ ಬಾಯಿಂದ ನನ್ನ ತಲೆ ಮೇಲೆ ಬಂದದ್ದು ಕಂಡು, "ಯಾಕ ಬೇ, ಬಾಗಲಾ ಮರತಿಯೇನ?" ಎಂದರು.

ನಾನು ಎಲ್ಲ ಹೇಳಿದೆ. ನನ್ನಿಂದಾಯಿತು ಎಂದೂ ಹೇಳಿದೆ. ಅವರು ಅಡಕೊತ್ತು ಕೆಳಗಿಟ್ಟು ಗೋಡೆಯನ್ನು ನೋಡಿದರು. ಅದರ ಸುಣ್ಣದ ಮೇಲೆ ಕೂದಲೆಳೆಯಂಥ ಬಿರುಕು ಆಗಲೇ ಮೂಡಿತ್ತು. ನಾನದನ್ನು ಆವರೆಗೆ ಕಂಡಿರಲಿಲ್ಲ.

"ತಂಬಾಕಿನ ಬೋದ ಮಾಡಿ ಇಳಸ್ತೀರಿ ಅನ್ನು," ಎಂದರು ಕಡೆಗೆ. "ತೂಕಾ ಮಾಡಿ ಇಳಸ್ರಿ. ಕಮ್ಮಿ ಬಂದ್ರ ವ್ಯಾಪಾರಿ ಬಯ್ತಾನ."

ನಗು ಬರಲಿಲ್ಲ ನನಗೆ. ಕುರ್ಚಿಗೆ ಅವರನ್ನು ಎರಡು ಸೀರೆಗಳಿಂದ ಕಟ್ಟಿದೆ, ಮೇಲೆ ಕಂಬಳಿ ಹೊದಿಸಿದೆ. ಗರ್ಲ್ ಗೈಡ್ಸ್‌ನಲ್ಲಿ ಕಲಿತ ರೀಫ್ ನಾಟ್ ಎಂಬ ಗಂಟು ಒಂದೇ ನನಗೆ ಗೊತ್ತಿದ್ದದ್ದು. ಅದನ್ನೇ ಆರು ಕಡೆ ಹಾಕಿ, ಪ್ರತಿಯೊಂದನ್ನೂ ಎರಡೆರಡು ಸಲ ಜಗ್ಗಿದೆ. ಕೆಳಗೆ ಯಜಮಾನರೂ ನಾಲ್ಕು ಆಳುಗಳೂ ಹಗ್ಗ ಹಿಡಿದು, ಹೆಣ್ಣುಮಕ್ಕಳ ಮರ್ಯಾದೆಗೆ ಮುಖ ಅತ್ತ ತಿರುಗಿಸಿ ನಿಂತರು. ನೋಡುವವಳು ನಾನೊಬ್ಬಳೇ. "ಬಿಡ್ರಿ... ಸಾವಕಾಶ... ತಡೀರಿ..." ಎಂದು ಕೂಗುತ್ತಿದ್ದೆ. ನಡುವೆ ಕುರ್ಚಿ ಗಿರಕಿ ಹೊಡೆಯಿತು. ಅತ್ತೆ ಕಣ್ಣು ಮುಚ್ಚಿದರು. ಅದೇ ಹೊತ್ತಿಗೆ ಗೋಡೆಯೊಳಗೆ ಮತ್ತೆ ಸರ್ರ್ ಎಂದಿತು, ಈ ಸಲ ಉದ್ದವಾಗಿ. ನಾನು ಕೂಗುವುದು ಬಿಟ್ಟು ಬಿರುಕಿನ ಕಡೆ ತಿರುಗಿದೆ. ಕೆಳಗಿನಿಂದ ಯಜಮಾನರು, "ಬಿಡ್ಲೋ ಬ್ಯಾಡೋ, ಹೇಳಲೇ," ಎಂದು ಒದರಿದರು. ಅತ್ತೆಯೇ ಕಣ್ಣು ಮುಚ್ಚಿಕೊಂಡು, "ಬಿಡೋ," ಎಂದರು.

ಕುರ್ಚಿ ನೆಲ ಮುಟ್ಟಿದ ಕೂಡಲೇ ಅವರನ್ನು ಹಾಗೇ ಹೊತ್ತು ಹೊರಗೆ ಒಯ್ದರು. ನಾನು ಏಣಿ ಇಳಿದು ಅಂಗಳ ದಾಟಿದ ಸ್ವಲ್ಪ ಹೊತ್ತಿಗೆ ಒಳಮುಖದ ಕಲ್ಲುಗಳು ಕುಸಿದವು, ಅವುಗಳೊಂದಿಗೆ ಏಳೆಂಟು ಪಾವಟಿಗೆ. ಧೂಳು ಅಂಗಳದ ತಗಡಿನವರೆಗೆ ಎದ್ದಿತು.

ಮೆಟ್ಟಿಲನ್ನು ಮತ್ತೆ ಗೋಡೆಯಲ್ಲಿ ಕಟ್ಟುವುದಾಗಲಿಲ್ಲ. ಅಂಗಳದಲ್ಲೇ ಸಿಮೆಂಟಿನ ಮೆಟ್ಟಿಲು ಮಾಡಿಸಿದೆವು, ಗಿಡ್ಡ ಗಿಡ್ಡ ಹೆಜ್ಜೆ, ಎರಡೂ ಕಡೆ ರೇಲಿಂಗು, ಅತ್ತೆಯ ಮೊಣಕಾಲಿಗೆ ತಕ್ಕ ಹಾಗೆ. ಕೆಲಸ ಮುಗಿಯುವ ಮೊದಲೇ ಅವರು ಮುಗಳಖೋಡದಲ್ಲಿ, ಮಗಳ ಮನೆಯಲ್ಲಿ, ನಿದ್ದೆಯಲ್ಲಿಯೇ ಹೋದರು. ಸುದ್ದಿ ತಡವಾಗಿ ಬಂದು, ನಾವು ತಲುಪುವಷ್ಟರಲ್ಲಿ ಮಣ್ಣಾಗಿತ್ತು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಗೋಡೆ ಬಿದ್ದ ಮರುದಿನ ಬೆಳಿಗ್ಗೆ, ಅಲ್ಲಿಗೆ ಕಳಿಸುವಾಗ.

ಜೀಪಿನ ಮುಂದಿನ ಸೀಟಿಗೆ ಹತ್ತಿಸುವಾಗ ಅವರು ನನ್ನ ಮುಂಗೈ ಹಿಡಿದರು, ಎಷ್ಟು ಗಟ್ಟಿಯಾಗಿ ಎಂದರೆ ಬಳೆಯೊಂದು ಒಡೆಯಿತು. ಹಿಂದಿನ ದಿನದಿಂದ ಕೇಳಬೇಕೆಂದು ತಡೆಹಿಡಿದಿದ್ದನ್ನು ಆಗ ಕೇಳಿದೆ.

"ಅತ್ತೀ, ನನ್ನ ಮ್ಯಾಲ ಸಿಟ್ಟದೀರೇನ್ರಿ?"

ಅವರು ನೇರ ಮುಂದಕ್ಕೆ, ರಸ್ತೆಯ ಕಡೆ ನೋಡುತ್ತಿದ್ದರು.

"ಸೆರಗು ಹೊರಗ ಐತಿ ನೋಡು," ಎಂದರು. "ಒಳಗ ಹಾಕು. ಅಂವಾ ಬಾಗಲಾ ಹಾಕ್ತಾನ."

ನಾನು ಅವರ ಸೆರಗು ಒಳಗೆ ಸರಿಸಿದೆ. ಡ್ರೈವರ್ ಬಾಗಿಲು ಹಾಕಿದ.