ಎರಡು ಸಲ ಇಳಿದು ನೋಡಬಹುದು

ಸೇಡು ಅಂದರೆ ಕತ್ತಿ, ವಿಷ, ಕೋರ್ಟು ಕಚೇರಿ ಎಂದುಕೊಂಡವರು ಒಮ್ಮೆ ಸಾರಿಗೆ ಕಚೇರಿಯ ಹಿಂದಿನ ಪರೀಕ್ಷಾ ಮೈದಾನಕ್ಕೆ ಬಂದು ನೋಡಬೇಕು. ಅಲ್ಲಿ ನೆಲದ ಮೇಲೆ ಬಿಳಿ ಗೆರೆಗಳಿವೆ, ಕೆಂಪು ಬಿಳಿ ಬಣ್ಣ ಬಳಿದ ಕಂಬಗಳಿವೆ, ಮೂಲೆಯಲ್ಲಿ ಒಂದು ತಗಡಿನ ಚಪ್ಪರವಿದೆ. ಚಪ್ಪರದ ಕೆಳಗೆ ರಟ್ಟಿನ ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ನಿಂತಿರುವ ಹೆಂಗಸು ಭಾರಿ ವಾಹನಗಳ ಪರೀಕ್ಷಕಿ. ಐವತ್ತೆರಡು ವಯಸ್ಸು, ಕಾಲಿಗೆ ಗಂಡಸರ ಬೂಟು, ಜೇಬಿನಲ್ಲಿ ಎರಡು ಪೆನ್ನು. ಎದುರಿಗೆ ಎಲ್ಲರೂ ಅವಳನ್ನು ಮೇಡಂ ಅನ್ನುತ್ತಾರೆ. ಬೆನ್ನ ಹಿಂದೆ ಹಳಬರು ಮಾತ್ರ ಕಂಬ ಅನ್ನುತ್ತಾರೆ.

ಆ ಹೆಸರಿಟ್ಟವನು ಹಾಲಿನ ಕಂಪನಿಯಲ್ಲಿ ಚಾಲಕರಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು. ಅದು ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಆಗ ಅವಳು ಅದೇ ಕಂಪನಿಯಲ್ಲಿ ಸಣ್ಣ ವ್ಯಾನು ಓಡಿಸುತ್ತಿದ್ದಳು. ಕಂಪನಿ ಹೊಸದಾಗಿ ಒಂದು ದೊಡ್ಡ ಲಾರಿ ತಂದು, ಅದರ ಹಿಂದೆ ಟ್ರೈಲರ್ ಕಟ್ಟಿ ನಿಲ್ಲಿಸಿತು. ಅದನ್ನು ಕಂಡ ದಿನದಿಂದ ಅವಳಿಗೆ ನಿದ್ದೆಯಲ್ಲೂ ಅದೇ ಧ್ಯಾನ. ಊಟಕ್ಕೆ ಬಿಟ್ಟಾಗ ಹೋಗಿ ಅದರ ಚಕ್ರದ ಪಕ್ಕ ಕೂತು ಡಬ್ಬಿ ಬಿಚ್ಚುತ್ತಿದ್ದಳು ಅಂದರೆ ಲೆಕ್ಕ ಹಾಕಿ. ಟ್ರೈಲರ್ ಲೈಸೆನ್ಸ್ ಪಾಸಾದವರಿಗೆ ಆ ಲಾರಿ ಅಂತ ಕಂಪನಿ ಹೇಳಿತು. ಪರೀಕ್ಷೆಗೆ ನಿಂತವರು ಇಬ್ಬರೇ: ಇವಳು, ಮತ್ತು ಮೇಷ್ಟ್ರ ಬಾಮೈದ.

ಟ್ರೈಲರನ್ನು ಮುಂದಕ್ಕೆ ಯಾರು ಬೇಕಾದರೂ ಎಳೆದಾರು. ಹಿಂದಕ್ಕೆ ತರುವಾಗ ಗೊತ್ತಾಗುತ್ತದೆ ಒಬ್ಬೊಬ್ಬರ ಬಂಡವಾಳ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಹೋಗುತ್ತದೆ. ಕನ್ನಡಿಯಲ್ಲಿ ಒಂದು ಬದಿ ಕಂಡರೆ ಇನ್ನೊಂದು ಬದಿ ಕಾಣುವುದಿಲ್ಲ. ಅದಕ್ಕೇ ನಿಯಮದಲ್ಲಿ ಒಂದು ಸವಲತ್ತು ಇಟ್ಟಿದ್ದಾರೆ: ಅನುಮಾನ ಬಂದರೆ ಗಾಡಿ ನಿಲ್ಲಿಸಿ, ಎರಡು ಸಲ ಇಳಿದು, ಹಿಂದೆ ಹೋಗಿ ನೋಡಿ ಬರಬಹುದು. ಅಂಕ ಕಳೆಯುವುದಿಲ್ಲ. ಆಗಿನ ಕಾಲದಲ್ಲಿ ಇದನ್ನು ಮೈದಾನದಲ್ಲಿ ಯಾರೂ ಹೇಳುತ್ತಿರಲಿಲ್ಲ, ಕಲಿಸಿದ ಗುರುವೇ ಹೇಳಿ ಕಳಿಸಬೇಕಿತ್ತು.

ಗುರು ಹೇಳಿ ಕಳಿಸಿದ, ಪುಣ್ಯಾತ್ಮ! ಕ್ಯಾಂಟೀನಿನಲ್ಲಿ ಚಹಾ ಹೀರುತ್ತ, ತಂಗಿಗೆ ಬುದ್ಧಿ ಹೇಳುವ ಅಣ್ಣನ ಹಾಗೆ ಹತ್ತಿರ ಕರೆದು ಹೇಳಿದ: "ನೋಡಮ್ಮ, ಏನಾದ್ರೂ ಆಗಲಿ ಮಧ್ಯದಲ್ಲಿ ಇಳೀಬೇಡ. ಒಂದೊಂದು ಸಲಕ್ಕೂ ಐದೈದು ಅಂಕ ಹೋಗುತ್ತೆ. ಹೆದರಿದಾಳೆ ಅಂತ ಬರ್ಕೊಂಡುಬಿಡ್ತಾರೆ."

ಅವಳು ಇಳಿಯಲಿಲ್ಲ. ಟ್ರೈಲರಿನ ಮೂಲೆ ಕಂಬಕ್ಕೆ ಬಡಿದು, ಕಂಬ ನೆಲದಿಂದ ಕಿತ್ತು ಬಿತ್ತು. ಆಮೇಲೆ ಬಾಮೈದನ ಸರದಿ. ಅವನು ಒಮ್ಮೆ ಇಳಿದ, ಹಿಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನೋಡಿದ, ಹತ್ತಿದ. ಇನ್ನೊಮ್ಮೆ ಇಳಿದ, ನೋಡಿದ, ಹತ್ತಿದ. ಪಾಸಾದ! ಚಪ್ಪರದ ಕೆಳಗೆ ನಿಂತು ಅದನ್ನು ನೋಡುತ್ತಿದ್ದವಳಿಗೆ ಎರಡನೇ ಸಲಕ್ಕೆ ಎಲ್ಲ ಅರ್ಥವಾಯಿತು. ಅವಳು ಮೇಷ್ಟ್ರ ಕಡೆ ತಿರುಗಿದಳು. ಮೇಷ್ಟ್ರು ಎಲ್ಲರಿಗೂ ಕೇಳುವ ಹಾಗೆ ಅಂದ: "ಏನಮ್ಮ ಕಂಬ, ಹಾಲಿನ ವ್ಯಾನೇ ವಾಸಿ ಅಲ್ವಾ ನಿನಗೆ?"

ಹೆಸರು ಅಂಟಿಕೊಂಡಿತು. ಸಂಬಳದ ದಿನ "ಕಂಬ ಬಂತು, ದಾರಿ ಬಿಡ್ರೋ" ಅಂತ ಕೂಗುವುದು, ಅವಳ ವ್ಯಾನಿನ ಹಿಂದೆ ಸೀಮೆಸುಣ್ಣದಲ್ಲಿ ಕಂಬ ಬರೆದಿಡುವುದು, ಒಂದೇ ಎರಡೇ. ಅವಳು ಹಲ್ಲು ಕಚ್ಚಿ ಸಹಿಸಿದಳು. ಮರುವರ್ಷ ಒಬ್ಬಳೇ ಹೋಗಿ ಪರೀಕ್ಷೆ ಕೊಟ್ಟು ಪಾಸಾದಳು. ಅಷ್ಟರಲ್ಲಿ ಲಾರಿ ಬಾಮೈದನ ಪಾಲಾಗಿತ್ತು. ಕಂಪನಿ ಬಿಟ್ಟಳು, ಬೇರೆ ಕಡೆ ಆರು ವರ್ಷ ಟ್ರೈಲರ್ ಎಳೆದಳು, ಆಮೇಲೆ ಸಾರಿಗೆ ಕಚೇರಿಯ ಪರೀಕ್ಷೆ ಬರೆದು ಒಳಗೆ ಸೇರಿದಳು. ಸೇರಿದವಳು ಮಾಡಿದ ಮೊದಲ ಕೆಲಸವೆಂದರೆ ಮೇಲಿನವರಿಗೆ ಅರ್ಜಿ ಹಾಕಿದ್ದು: ಪರೀಕ್ಷೆಗೆ ಮುಂಚೆ ನಿಯಮದ ಹಾಳೆಯನ್ನು ಪ್ರತಿಯೊಬ್ಬರಿಗೂ ಗಟ್ಟಿಯಾಗಿ ಓದಿ ಹೇಳಬೇಕು, ಕೇಳಿದೆ ಅಂತ ಅವರ ಸಹಿ ತೆಗೆದುಕೊಳ್ಳಬೇಕು. ನಾಲ್ಕು ವರ್ಷ ಬೆನ್ನು ಬಿಡದೆ ಕಾಡಿದಳು. ಕೊನೆಗೆ ಪೀಡೆ ತೊಲಗಲಿ ಅಂತ ಅವರು ಹೂಂ ಅಂದರು.

ಆರು ವರ್ಷದ ಹಿಂದೆ ವರ್ಗವಾಗಿ ಈ ಮೈದಾನಕ್ಕೆ ಬಂದಳು. ಹೀಗಿರುವಾಗ ಒಂದು ಮಂಗಳವಾರ ಆ ಮೇಷ್ಟ್ರೇ ಅವಳ ಮೇಜಿನ ಮುಂದೆ ಬಂದು ನಿಂತ. ತಲೆ ಪೂರ್ತಿ ಬೆಳ್ಳಗಾಗಿತ್ತು, ದನಿ ಮಾತ್ರ ಅದೇ. ನಿವೃತ್ತಿಯಾಗಿ ಏಳು ವರ್ಷ. ಹೆಂಡತಿಯ ಜೊತೆ ದೇಶ ಸುತ್ತಬೇಕು ಅಂತ ದೊಡ್ಡದೊಂದು ಮೋಟಾರ್ ಹೋಮ್ ಕೊಂಡಿದ್ದ. ಒಳಗೆ ಮಂಚ, ಒಲೆ, ಸ್ನಾನದ ಕೋಣೆ ಎಲ್ಲ ಇರುವ ಮನೆಗಾಡಿ. ಅದು ಸಾಲದು ಅಂತ ಹಿಂದೆ ಒಂದು ಟ್ರೈಲರ್, ಅದರ ಮೇಲೆ ಸಣ್ಣ ಕಾರು. ಮುಂದಿನ ಭಾನುವಾರ ಹೊರಡುವುದು ಅಂತ ಬೀದಿಗೆಲ್ಲ ಸಾರಿಬಿಟ್ಟಿದ್ದ.

"ಇದಕ್ಕೆಲ್ಲ ಲೈಸೆನ್ಸ್ ಯಾಕ್ರೀ? ಮನೆ ಕಣ್ರೀ ಇದು, ಲಾರಿ ಅಲ್ಲ," ಅಂದ.

"ಮನೆ ಆದ್ರೆ ಇದ್ದಲ್ಲೇ ಇರಬೇಕು. ರಸ್ತೆಗೆ ಬಂದ್ರೆ ಗಾಡಿ," ಅಂದಳು ತಲೆ ಎತ್ತದೆ. "ಒಳಗೆ ಹಾಸಿಗೆ ಇದ್ರೂ ತೂಕ ತೂಕಾನೇ. ಮೂರೂವರೆ ಟನ್ ದಾಟಿದ್ರೆ ದೊಡ್ಡ ಗಾಡಿ ಲೈಸೆನ್ಸ್ ಬೇಕು, ನಿಮ್ಮದು ಏಳು ಟನ್. ಹಿಂದೆ ಕಟ್ಟಿರೋದು ಮುಕ್ಕಾಲು ಟನ್ ದಾಟಿದ್ರೆ ಅದಕ್ಕೆ ಬೇರೆ ಪರೀಕ್ಷೆ. ಕಾರು ಸೇರಿ ನಿಮ್ಮ ಟ್ರೈಲರ್ ಒಂದೂವರೆ ಇದೆ."

"ನನ್ನ ಹತ್ರ ಹಳೇ ಲೈಸೆನ್ಸ್ ಇದೆಯಲ್ಲ?"

"ನವೀಕರಿಸದೆ ಐದು ವರ್ಷ ಬಿಟ್ರೆ ಅದು ಬರೀ ಕಾಗದ. ಮೊದಲಿಂದ ಪರೀಕ್ಷೆ ಕೊಡಬೇಕು. ಹಿಂದೆ ಲೈಸೆನ್ಸ್ ಇದ್ದೋರು ಎರಡನ್ನೂ ಒಂದೇ ಸಲ ಕೊಡಬಹುದು."

ಆಗ ಅವನು ಬಗ್ಗಿ ಅವಳ ಮುಖ ನೋಡಿದ. ನೋಡಿದವನೇ ಹೋ ಅಂತ ನಕ್ಕ. "ಅರೆ, ನಮ್ಮ ಕಂಬ! ನೀನಾ ನನಗೆ ಪರೀಕ್ಷೆ ಮಾಡೋಳು?" ಸಾಲಿನಲ್ಲಿ ನಿಂತಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಅವನು ಅಲ್ಲೇ ನಿಂತು ಕಥೆಯನ್ನೂ ಹೇಳಿದ. ಕಂಬ ಹೇಗೆ ಕಿತ್ತು ಬಂತು ಅನ್ನುವುದನ್ನು ಕೈ ಸನ್ನೆ ಮಾಡಿ ತೋರಿಸಿದ. ಕ್ಯಾಂಟೀನಿನಲ್ಲಿ ಏನು ಹೇಳಿದ್ದ ಅನ್ನುವುದನ್ನು ಮಾತ್ರ ಬಿಟ್ಟ.

ಅವಳ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷದಲ್ಲಿ ಆರಿರಬಹುದು ಅಂದುಕೊಂಡಿದ್ದ ಸಿಟ್ಟು ಒಂದೇ ಮಾತಿಗೆ ಭಗ್ ಅಂತ ಹತ್ತಿಕೊಂಡಿತು. ಅವನು ಹೋದ ಮೇಲೆ ಪಕ್ಕದ ಗುಮಾಸ್ತ ಮೆಲ್ಲಗೆ ಅಂದ: "ಮೇಡಂ, ಇವರನ್ನ ಇನ್ನೊಬ್ಬ ಪರೀಕ್ಷಕರಿಗೆ ಹಾಕಲಾ?"

"ಹಾಕಿದ್ರೆ ನೋಡಿ ಮತ್ತೆ! ಶನಿವಾರ ಹನ್ನೊಂದು ಗಂಟೆ, ನನ್ನ ಹೆಸರಿಗೇ ಬರೀರಿ."

ಬುಧ, ಗುರು, ಶುಕ್ರ, ಮೂರು ದಿನ ಅವಳು ತಲೆ ಕೆಡಿಸಿಕೊಂಡಳು. ಫೇಲ್ ಮಾಡುವುದು ಕಷ್ಟವಲ್ಲ. ಒಂದು ಕಡೆ ಅಂಕ ಕಡಿಮೆ ಹಾಕಿದರೆ ಮುಗಿಯಿತು. ಹಾಳೆಯಲ್ಲಿ ಇಳಿಯುವ ಸಾಲೊಂದನ್ನು ಓದದೆ ಹಾರಿಸಿದರೂ ಆಯಿತು. ಆದರೆ ಥೂ, ಅದು ಅವನ ಬುದ್ಧಿ. ತಾನೇ ಹೋರಾಡಿ ತಂದ ಹಾಳೆಯನ್ನು ಅವನಿಗೋಸ್ಕರ ಹೊಲಸು ಮಾಡಿದರೆ ಅವನೇ ಗೆದ್ದ ಹಾಗೆ. ಅವನು ಫೇಲಾಗಬೇಕು, ಅವಳ ಕೈ ಚೊಕ್ಕಟವಾಗಿರಬೇಕು. ಹಾಗಾಗದೆ ಅವನು ಪಾಸಾಗಿ ಹೋದರೆ ಸಾಯುವ ತನಕ ತಾನು ಕಂಬವೇ. ಶುಕ್ರವಾರ ಸಂಜೆ ಬೂಟಿಗೆ ಪಾಲಿಶ್ ಹಚ್ಚುತ್ತ ಕೂತಾಗ ಉಪಾಯ ಹೊಳೆಯಿತು. ತಾನೊಬ್ಬಳೇ ಕೂತು ನಕ್ಕಳು.

ಶನಿವಾರ ಮನೆಗಾಡಿ ಮೈದಾನಕ್ಕೆ ಬಂತು. ಓಡಿಸಿಕೊಂಡು ಬಂದವನು ಅದೇ ಬಾಮೈದ, ಲೈಸೆನ್ಸ್ ಇದ್ದವನು ಅವನೇ ತಾನೆ. ಮೇಷ್ಟ್ರು ಅವನ ಬೆನ್ನು ತಟ್ಟಿ, "ನೀನು ನಿನ್ನ ಡ್ಯೂಟಿಗೆ ಹೊರಡು. ವಾಪಸ್ ನಾನೇ ತರ್ತೀನಿ," ಅಂತ ಕಳಿಸಿಬಿಟ್ಟ. ಮೇಷ್ಟ್ರ ಹೆಂಡತಿ ಚಪ್ಪರದ ಕೆಳಗಿನ ಬೆಂಚಿನ ಮೇಲೆ ಕೈಚೀಲ ಇಟ್ಟುಕೊಂಡು ಕೂತಳು.

ಪರೀಕ್ಷಕಿ ಹಾಳೆ ಓದತೊಡಗಿದಳು. ಗೆರೆ ದಾಟಬಾರದು, ಕಂಬ ಮುಟ್ಟಬಾರದು, ಹನ್ನೆರಡು ನಿಮಿಷ ಸಮಯ. ಗೋಡೆಯ ಕಡೆ ನೋಡಿಕೊಂಡು ಓದುವ ಹಾಗೆ ಓದಿದಳು. ಆರನೇ ಸಾಲಿಗೆ ಬಂದಾಗ ಹಲಗೆ ಕೆಳಗಿಳಿಸಿದಳು, ಅವನ ಕಣ್ಣಲ್ಲಿ ಕಣ್ಣಿಟ್ಟಳು, ತುಟಿಯ ಕೊನೆಯಲ್ಲಿ ಸಣ್ಣಗೆ ನಕ್ಕಳು. ಸಕ್ಕರೆಯಂಥ ದನಿಯಲ್ಲಿ, ಕ್ಯಾಂಟೀನಿನಲ್ಲಿ ಅವನು ಮಾತಾಡಿದ ಹಾಗೆಯೇ, ಹೇಳಿದಳು: "ಅನುಮಾನ ಬಂದ್ರೆ ಎರಡು ಸಲ ಇಳಿದು ನೋಡಬಹುದು ಮೇಷ್ಟ್ರೇ. ಅಂಕ ಕಳೆಯೋದಿಲ್ಲ."

ಅವನ ಮುಖದ ಬಣ್ಣ ಬದಲಾಯಿತು. "ಈ ನಿಯಮ ಇನ್ನೂ ಇದೆಯಾ? ಏಳು ವರ್ಷದಲ್ಲಿ ಏನೇನೋ ಬದಲಾಗಿದೆ ಅಂತಾರೆ."

"ಹಾಳೆಯಲ್ಲಿ ಇದೆ. ಓದಿಕೊಂಡು ಸಹಿ ಹಾಕಿ." ಮತ್ತೆ ಅದೇ ನಗು.

ಅವನು ಹಾಳೆ ಓದಲಿಲ್ಲ. ಇಂಥ ಹಾಳೆ ಸಾವಿರ ನೋಡಿದ್ದೇನೆ ಅನ್ನುವ ಹಾಗೆ ಗೀಚಿ ಸಹಿ ಹಾಕಿ, "ನಾನು ಯಾರು ಅನ್ಕೊಂಡಿದ್ದೀಯ?" ಅಂತ ಗೊಣಗುತ್ತ ಗಾಡಿ ಹತ್ತಿದ.

ಮುಂದಕ್ಕೆ ಚೆನ್ನಾಗಿಯೇ ಓಡಿಸಿದ, ಸುಳ್ಳು ಹೇಳಬಾರದು. ಹಿಂದಕ್ಕೆ ತರುವಾಗ ಬಂತು ಗ್ರಹಚಾರ. ಅವನ ಕೈ ಪಳಗಿದ್ದು ಉದ್ದನೆಯ ಟ್ರೈಲರಿಗೆ. ಇದು ಗಿಡ್ಡ. ಗಿಡ್ಡ ಟ್ರೈಲರ್ ಸ್ವಲ್ಪ ತಿರುಗಿಸಿದರೂ ಸರಕ್ಕನೆ ಹೊರಳಿಬಿಡುತ್ತದೆ, ಅದರ ಮುಂದೆ ಇರುವುದೋ ಗೋಡೆಯಂಥ ಅಗಲದ ಮನೆಗಾಡಿ. ಹಿಂದಿನ ಕಿಟಕಿ ಇರಬೇಕಾದಲ್ಲಿ ಬಟ್ಟೆಯ ಕಪಾಟು. ಟ್ರೈಲರ್ ಎರಡು ಕನ್ನಡಿಯಿಂದಲೂ ಮಾಯವಾಯಿತು. ಗಾಡಿ ನಿಂತಿತು.

ಬಾಗಿಲು ಅರ್ಧ ತೆರೆಯಿತು. ಅವನ ಒಂದು ಕಾಲು ಮೆಟ್ಟಿಲ ಮೇಲೆ ಬಂತು. ಇಳಿದರೆ ಮುಗಿಯಿತು, ಪಾಸು ಬರೆದುಕೊಡಬೇಕು. ಅವನು ಅವಳ ಕಡೆ ನೋಡಿದ. ಅವಳು ಮತ್ತೆ ನಕ್ಕು, ಜೇಬಿನಿಂದ ಪೆನ್ನು ತೆಗೆದು ಹಾಳೆಯ ಮೇಲೆ ಇಟ್ಟಳು.

ಅವನು ಕಾಲು ಒಳಗೆಳೆದುಕೊಂಡು ಬಾಗಿಲು ದಡಾರ್ ಅಂತ ಹಾಕಿದ. ಅರ್ಧ ನಿಮಿಷದಲ್ಲಿ ಟ್ರೈಲರ್ ಮಡಚಿಕೊಂಡು ಹೋಗಿ ಕಂಬಕ್ಕೆ ಬಡಿಯಿತು, ಮೇಲಿದ್ದ ಕಾರಿನ ದೀಪದ ಗಾಜು ಚೂರಾಯಿತು.

ಇಳಿದವನೇ ಕೂಗಾಡಿದ: "ಮೋಸ! ಇಳಿದ್ರೆ ಅಂಕ ಕಳೀಬೇಕು ಅಂತ ಪೆನ್ನು ಹಿಡ್ಕೊಂಡು ನಿಂತಿದ್ಲು!"

ಅವಳು ಹಾಳೆಯನ್ನು ಅವನಿಗೆ ಕೊಡಲಿಲ್ಲ, ಬೆಂಚಿನ ಮೇಲಿದ್ದ ಅವನ ಹೆಂಡತಿಗೆ ಕೊಟ್ಟಳು. ಆಕೆ ಕನ್ನಡಕ ಹಾಕಿಕೊಂಡು ಆರನೇ ಸಾಲನ್ನು ಗಟ್ಟಿಯಾಗಿ ಓದಿ, ಕೆಳಗಿನ ಸಹಿ ನೋಡಿದಳು. "ನಿಮ್ಮದೇ ಸಹಿ ಅಲ್ವೇನ್ರೀ ಇದು? ಅಂಕ ಕಳೆಯೋದಿಲ್ಲ ಅಂತ ಸ್ಪಷ್ಟ ಬರೆದಿದೆ. ಮತ್ಯಾಕೆ ಇಳೀಲಿಲ್ಲ?"

ಅವನು ಬಗ್ಗಿ ಗಾಜಿನ ಚೂರು ಆಯತೊಡಗಿದ.

ಈಗ ಗಾಡಿ ಮನೆಗೆ ಹೋಗುವುದು ಹೇಗೆ? ಶನಿವಾರ ಒಂದು ಗಂಟೆಗೆ ಮೈದಾನದ ಗೇಟು ಮುಚ್ಚುತ್ತಾರೆ. ಬಾಮೈದ ಆಗಲೇ ದೂರದ ಟ್ರಿಪ್ಪಿಗೆ ಹೊರಟುಬಿಟ್ಟಿದ್ದ. ಮೇಷ್ಟ್ರ ಹೆಂಡತಿ ಸಂಕೋಚದಿಂದ ಕೈ ಹಿಸುಕಿಕೊಂಡು ಕೇಳಿದಳು: "ಮೇಡಂ, ನಿಮಗೆ ಓಡಿಸಿಕೊಂಡು ಬರೋಕೆ ಆಗುತ್ತಾ?"

ಆಗುತ್ತಾ ಅಂದರೆ! ಇದನ್ನು ಅವಳು ಕನಸಲ್ಲೂ ಕೇಳಿರಲಿಲ್ಲ. ತಾನೇ ಬಂದು ಮಡಿಲಿಗೆ ಬಿದ್ದರೆ ಬೇಡ ಅನ್ನುವಷ್ಟು ಒಳ್ಳೆಯವಳೂ ಅಲ್ಲ. ಗಾಡಿ ಹತ್ತಿದಳು, ಸೀಟು ಸರಿ ಮಾಡಿಕೊಂಡಳು, ಪಕ್ಕದಲ್ಲಿ ಅವನನ್ನು ಕೂರಿಸಿಕೊಂಡು ಪೇಟೆಯ ನಡುವೆ ಹಾಯಾಗಿ ಓಡಿಸಿದಳು. ಅರ್ಧ ದಾರಿಯ ತನಕ ಅವನು ಕಿಟಕಿಯ ಹೊರಗೆ ಮುಖ ಹಾಕಿದ್ದ. ಆಮೇಲೆ ಅಂದ: "ನೀನು ಬೇಕಂತ ನಕ್ಕೆ."

"ಹೌದು, ನಕ್ಕೆ. ನಗಬಾರದು ಅಂತ ಹಾಳೆಯಲ್ಲಿ ಇಲ್ಲ. ನಾನು ಹೇಳಿದ್ದು ನಿಜ ಮೇಷ್ಟ್ರೇ. ನೀವು ನನಗೆ ಹೇಳಿದ್ದು?"

ಹಿಂದೆ ಊಟದ ಮೇಜಿನ ಹತ್ತಿರ ಕೂತಿದ್ದ ಹೆಂಡತಿ ಕೇಳಿದಳು: "ಏನು ಹೇಳಿದ್ರು ನಿಮಗೆ?" ಅವಳು ಹೇಳಿದಳು. ಕ್ಯಾಂಟೀನು, ಚಹಾ, ಐದೈದು ಅಂಕ, ಒಂದೂ ಬಿಡದೆ ಹೇಳಿದಳು. ಹೆಂಡತಿ ಕೇಳಿದಳು: "ನನ್ನ ತಮ್ಮ ಆವತ್ತು ಎಷ್ಟು ಸಲ ಇಳಿದ?"

"ಎರಡು ಸಲ."

ಅವರ ಬೀದಿಯಲ್ಲಿ ಜನ ಕಾದಿದ್ದರು. ಪಾಸಾಗಿ ಬರುವವನನ್ನು ನೋಡಲು ಅಕ್ಕಪಕ್ಕದವರು ಬಾಗಿಲಲ್ಲಿ ನಿಂತಿದ್ದರು. ನೋಡಿದರೆ ಸ್ಟೇರಿಂಗ್ ಹಿಡಿದವಳು ಯಾರೋ ಹೆಂಗಸು, ಮೇಷ್ಟ್ರು ಪಕ್ಕದಲ್ಲಿ ಇಂಗು ತಿಂದ ಮಂಗನ ಹಾಗೆ! ಅವಳು ಗಾಡಿಯನ್ನು ಅಂಗಳಕ್ಕೆ ಹಿಂದಕ್ಕೆ ಬಿಡಬೇಕಿತ್ತು. ಕಣ್ಣು ಮುಚ್ಚಿ ಬಿಡಬಲ್ಲಳು. ಆದರೂ ನಿಲ್ಲಿಸಿ ಇಳಿದಳು, ನಿಧಾನವಾಗಿ ಹಿಂದೆ ನಡೆದುಹೋಗಿ ನೋಡಿದಳು, ಹತ್ತಿದಳು. ಇನ್ನೊಂದು ಸಲ ಇಳಿದಳು. ಬೀದಿಯವರೆಲ್ಲ ನೋಡಿದರು, ಅವನೂ ನೋಡಿದ. ಆಮೇಲೆ ಒಂದೇ ಸಲಕ್ಕೆ ಟ್ರೈಲರು, ಮನೆಗಾಡಿ ಎರಡೂ ಗೇಟಿನೊಳಗೆ ಹೋದವು.

ಬೀಗದ ಕೈಯನ್ನು ಹೆಂಡತಿಯ ಕೈಗೆ ಕೊಟ್ಟಳು. ಆಕೆ ಅದನ್ನು ಚೀಲದೊಳಗೆ ಹಾಕಿಕೊಂಡು ಕೇಳಿದಳು: "ಇದಕ್ಕೆ ಅರ್ಜಿ ನಾನು ಹಾಕಬಹುದಾ ಮೇಡಂ?"

"ಯಾಕಾಗಬಾರದು? ಸೋಮವಾರ ಬೆಳಿಗ್ಗೆ ಬನ್ನಿ. ದೊಡ್ಡ ಗಾಡಿದು ಮೊದಲು, ಟ್ರೈಲರ್ ಆಮೇಲೆ."

ಮೇಷ್ಟ್ರು ಸಿಡುಕಿದ: "ನಿನಗ್ಯಾಕೆ ಇದೆಲ್ಲ? ಅಷ್ಟೊಂದು ಆಸೆ ಇದ್ರೆ ನಾನೇ ಕಲಿಸ್ತೀನಿ."

"ನೀವು ಕಲಿಸೋ ಹಾಗಿಲ್ಲ ಮೇಷ್ಟ್ರೇ," ಅಂದಳು ಪರೀಕ್ಷಕಿ. ಈ ಸಲ ನಗಲಿಲ್ಲ. "ಲೈಸೆನ್ಸ್ ಇಲ್ಲದೋರು ಪಕ್ಕದಲ್ಲಿ ಕೂತು ಕಲಿಸೋದು ಅಪರಾಧ."

ಬಸ್ ನಿಲ್ದಾಣದ ತನಕ ನಡೆದುಕೊಂಡೇ ಹೋದಳು. ಮುದುಕ, ಪಾಪ ಅನಿಸಬಹುದೇನೋ ಅಂತ ಸ್ವಲ್ಪ ಹೊತ್ತು ಕಾದಳು. ಅನಿಸಲಿಲ್ಲ. ಬಸ್ಸು ಬಂತು, ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಹೊಟ್ಟೆ ತುಂಬ ಹಸಿದಿತ್ತು.