ಉತ್ತರಕ್ಕೆ ಮುಖ ಮಾಡದ ಮೋಟರ್‌ಹೋಮ್

೨೦೧೬ ಜನವರಿ ೧೯, ಮಂಗಳವಾರ, ಮಧ್ಯಾಹ್ನ ಹನ್ನೆರಡೂವರೆ. ಹಾಜರಿದ್ದವರು ಮೂವರು: ನಾನು, ನನ್ನ ಬೀಗಿತ್ತಿ, ಗಾಡಿ ಓಡಿಸುತ್ತಿದ್ದ ನನ್ನ ಅಳಿಯ. ಸ್ಥಳ, ಪರ್ತ್‌ಗೂ ಅಡಿಲೇಡಿಗೂ ನಡುವೆ ಮರವೇ ಇಲ್ಲದ ಬಯಲಿನಲ್ಲಿ ಒಂದು ರೋಡ್‌ಹೌಸಿನ ಹಿಂಭಾಗ. ರೋಡ್‌ಹೌಸ್ ಎಂದರೆ ಒಂದು ಪೆಟ್ರೋಲ್ ಬಂಕು, ಒಂದು ಕ್ಯಾಂಟೀನು, ಕೆಂಪು ಮಣ್ಣಿನಲ್ಲಿ ಗಾಡಿ ನಿಲ್ಲಿಸಲು ಒಂದಿಷ್ಟು ಜಾಗ. ಹೊರಗೆ ನಲವತ್ತನಾಲ್ಕು ಡಿಗ್ರಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು, ಕೊನೆಗೆ ನರ್ಸುಗಳ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು ನಾನು. ಪಾಳಿ ಬದಲಾಗುವಾಗ ದಿನಾಂಕ, ಗಂಟೆ, ಯಾರಿದ್ದರು ಎಂಬುದನ್ನು ಮೊದಲು ಹೇಳಿ ಆಮೇಲೆ ಉಳಿದ ಮಾತೆತ್ತುವುದು ನಮ್ಮ ಪದ್ಧತಿ. ಅದನ್ನು ಬಿಡಲು ನನಗೆ ಕಾರಣ ಸಿಕ್ಕಿಲ್ಲ.

ಅಳಿಯನಿಗೆ ಬ್ರಿಸ್ಬೇನ್ ಹತ್ತಿರದ ಇಪ್ಸ್‌ವಿಚ್‌ನಲ್ಲಿ ಹೊಸ ಕೆಲಸ ಸಿಕ್ಕಿತ್ತು. ಅಲ್ಲಿಗೆ ಹತ್ತಿರದ ಫಾರೆಸ್ಟ್ ಲೇಕ್ ಬಡಾವಣೆಯಲ್ಲಿ ಮನೆ ಗೊತ್ತಾಗಿತ್ತು. ಮಗಳು ತನ್ನ ಕೆಲಸಕ್ಕಾಗಿ ವಿಮಾನದಲ್ಲಿ ಮುಂಚೆಯೇ ಹೋದಳು, ಸಾಮಾನು ಲಾರಿಯಲ್ಲಿ ಹೋಯಿತು. ತಾಯಂದಿರಿಬ್ಬರಿಗೂ ದೇಶ ತೋರಿಸುತ್ತೇನೆಂದು ಅಳಿಯ ಒಳಗೇ ಹಾಸಿಗೆ, ಒಲೆ, ಫ್ರಿಜ್ ಇರುವ ಒಂದು ಮೋಟರ್‌ಹೋಮ್ ಬಾಡಿಗೆಗೆ ತಂದ. ಮೈಸೂರಿನಿಂದ ಬಂದ ಇಬ್ಬರು ಬೀಗಿತ್ತಿಯರು ಪರ್ತ್‌ನ ಹ್ಯಾರಿಸ್‌ಡೇಲಿನಲ್ಲಿ ಮಕ್ಕಳಿದ್ದ ನಾಲ್ಕು ಕೋಣೆಯ ಮನೆಯಲ್ಲೇ ಒಬ್ಬರಿಗೊಬ್ಬರು ಮುಖ ಕೊಡದೆ ಓಡಾಡುತ್ತಿದ್ದೆವು. ಅಂಥವರನ್ನು ಚಕ್ರದ ಮೇಲಿನ ಒಂದು ಕೋಣೆಯಲ್ಲಿ, ಜನವರಿಯ ಬಿಸಿಲಿನಲ್ಲಿ ಕೂಡಿ ಹಾಕುವುದು ಎಂಜಿನಿಯರಿಂಗ್ ಓದಿದವರಿಗೆ ಮಾತ್ರ ಹೊಳೆಯುವ ಯೋಚನೆ.

ನಾನು ಹತ್ತಿದ್ದು ಮಗಳ ಮಾತಿಗೆ. ಬೀಗಿತ್ತಿಗೆ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಬೇಕು. ಊರಿನಿಂದ ತಂದಿದ್ದರಲ್ಲಿ ಎರಡು ಸೀಸೆ ಉಳಿದಿತ್ತು. ಅಡಿಲೇಡಿನಲ್ಲಿ ಅಳಿಯನ ಸ್ನೇಹಿತನೊಬ್ಬ ಡಾಕ್ಟರ ಬಳಿ ಸಮಯ ಗೊತ್ತುಮಾಡಿದ್ದ, ಅಲ್ಲಿ ಹೊಸ ಚೀಟಿ ಸಿಗುತ್ತಿತ್ತು. ಅಲ್ಲಿಯವರೆಗೆ ಈ ಎರಡು ಸೀಸೆ ಫ್ರಿಜ್ಜಿನಲ್ಲಿ ಕೆಡದೆ ಇರಬೇಕು. "ಅಮ್ಮ, ನೀನು ಜೊತೆಗಿದ್ರೆ ಅತ್ತೆ ಬಗ್ಗೆ ನಂಗೆ ಭಯ ಇಲ್ಲ" ಎಂದಿದ್ದಳು ಮಗಳು. ಡ್ಯೂಟಿ ಎಂದ ಮೇಲೆ ರೋಗಿ ಇಷ್ಟವೋ ಅಲ್ಲವೋ ಎಂಬ ಪ್ರಶ್ನೆ ಏಳುವುದಿಲ್ಲ. ಇಷ್ಟವಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮೋಟರ್‌ಹೋಮನ್ನು ತಣ್ಣಗಿಡುವುದು ವಾರ್ಡನ್ನು ಶುಚಿಯಾಗಿಡುವಂಥದೇ ಕೆಲಸ. ಒಂದು ಸಲ ಮಾಡಿ ಕೈತೊಳೆದುಕೊಳ್ಳುವಂತಿಲ್ಲ. ಬೆಳಕು ಹರಿಯುವ ಮುಂಚೆ ಚಾವಣಿಯ ಕಿಂಡಿಗಳನ್ನು ತೆರೆದು ರಾತ್ರಿಯ ತಂಪನ್ನು ಒಳಗೆ ಬಿಟ್ಟುಕೊಳ್ಳಬೇಕು, ಬಿಸಿಲು ಏರುವ ಹೊತ್ತಿಗೆ ಮುಚ್ಚಬೇಕು. ಗಾಡಿ ನಿಂತ ತಕ್ಷಣ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಹಾಳೆ, ಗಾಳಿ ಬರುವ ಕಿಟಕಿಗೆ ಒದ್ದೆ ಟವೆಲು. ಅಡುಗೆ ಬೆಳಿಗ್ಗೆಯೇ, ಅದೂ ಹೊರಗೆ. ಚಾವಣಿಯ ಏಸಿ ಇದ್ದೇ ಇದೆ, ಆದರೆ ಕರೆಂಟಿನ ವೈರು ಚುಚ್ಚಿದರೆ ಮಾತ್ರ ಓಡುತ್ತದೆ. ಅವತ್ತು ಆ ರೋಡ್‌ಹೌಸಿನಲ್ಲಿ ಕರೆಂಟಿದ್ದ ಜಾಗಗಳೆಲ್ಲ ತುಂಬಿದ್ದವು. ಎಂಜಿನ್ ಕಾದು ಮುಳ್ಳು ಮೇಲೇರಿದ್ದರಿಂದ ಮುಂದೆ ಹೋಗುವಂತಿರಲಿಲ್ಲ, ಕತ್ತಲಾದ ಮೇಲೆ ಕಾಂಗರೂ ಅಡ್ಡ ಬರುವುದರಿಂದ ಓಡಿಸುವಂತಿರಲಿಲ್ಲ. ಮರುದಿನ ಬೆಳಗಿನವರೆಗೆ ಅಲ್ಲೇ ವಾಸ.

ಗಾಡಿ ನಿಂತಾಗ ಫ್ರಿಜ್ ಗ್ಯಾಸಿನಲ್ಲಿ ಓಡುತ್ತದೆ. ಅದರ ಬೆನ್ನಿನ ಬಿಸಿ ಹೊರಗೆ ಹೋಗಲು ಗಾಡಿಯ ಬಲಗಡೆ ಗೋಡೆಯಲ್ಲಿ ಒಂದು ಜಾಲರಿಯಿದೆ. ಆ ಜಾಲರಿಗೆ ಬಿಸಿಲು ಹೊಡೆದರೆ ಫ್ರಿಜ್ ಸೋಲುತ್ತದೆ. ಎಡಗಡೆ ಬಿಚ್ಚಿ ಕಟ್ಟುವ ನೆರಳುಬಟ್ಟೆ ಇದೆ. ಆದ್ದರಿಂದ ಮಧ್ಯಾಹ್ನದ ಮೇಲೆ ಗಾಡಿ ಉತ್ತರಕ್ಕೆ ಮುಖ ಮಾಡಿ ನಿಲ್ಲಬೇಕು: ಎಡಗಡೆಯ ನೆರಳುಬಟ್ಟೆ ಪಶ್ಚಿಮದ ಬಿಸಿಲನ್ನು ತಡೆಯುತ್ತದೆ, ಬಲಗಡೆಯ ಜಾಲರಿ ಪೂರ್ವದ ನೆರಳಿನಲ್ಲಿರುತ್ತದೆ. ಇದಕ್ಕಿಂತ ಸರಳವಾದದ್ದು ಬೇರೆ ಇಲ್ಲ.

ಬೀಗಿತ್ತಿ ಉತ್ತರ ಆಗುವುದಿಲ್ಲ ಎಂದರು.

ಅವರ ಹಾಸಿಗೆ ಗಾಡಿಯ ಉದ್ದಕ್ಕೆ ಇತ್ತು. ತಲೆ ಮುಂದಕ್ಕೆ ಹಾಕಿದರೆ ಉತ್ತರಕ್ಕೆ ತಲೆಯಾಗುತ್ತದೆ. ಹಿಂದಕ್ಕೆ ಹಾಕಿದರೆ ಕಾಲು ಮುಂದಕ್ಕೆ, ಅಂದರೆ ಡ್ಯಾಶ್‌ಬೋರ್ಡಿನ ಮೇಲಿದ್ದ ಹಿತ್ತಾಳೆ ಗಣಪತಿಯ ಕಡೆಗೆ. ಹ್ಯಾರಿಸ್‌ಡೇಲಿನಿಂದ ಹೊರಡುವಾಗ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಬಾಡಿಗೆ ಗಾಡಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಪೂಜೆ ಮಾಡಿ ಅವರೇ ಕೂರಿಸಿದ ಗಣಪತಿ. ಪ್ರಯಾಣ ಮುಗಿಯುವವರೆಗೆ ಕದಲಿಸಬಾರದೆಂದು ಅವರ ಕಟ್ಟಪ್ಪಣೆ.

ಅಳಿಯ ಒಂದು ಪ್ರಯತ್ನ ಮಾಡಿದ. "ಅಮ್ಮ, ಇದು ಭೂಮಿಯ ಕೆಳಗಿನ ಅರ್ಧ. ಇಲ್ಲಿ ದಿಕ್ಕಿನ ಶಾಸ್ತ್ರ ಎಲ್ಲ ಉಲ್ಟಾ ಆಗತ್ತೆ."

"ಉತ್ತರಕ್ಕೆ ತಲೆ ಹಾಕಿ ಮಲಗಿಸೋದು ಯಾರನ್ನ ಅಂತ ಗೊತ್ತಲ್ಲ ನಿಂಗೆ? ನಾನಿನ್ನೂ ಉಸಿರಾಡ್ತಿದ್ದೀನಿ ಕಣೋ."

ಅವನು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದ. ಜಾಲರಿ ನೇರ ಪಶ್ಚಿಮಕ್ಕೆ ಬಂತು. ನಾನು ವಿಷಯವನ್ನು ಒಂದು ಸಲ, ಸ್ಪಷ್ಟವಾಗಿ ಹೇಳಿದೆ: ಫ್ರಿಜ್ ಕಾಯುತ್ತದೆ, ಔಷಧಿ ಕೆಡುತ್ತದೆ.

"ಸಿಸ್ಟರಮ್ಮ, ಇದು ನಿಮ್ಮ ವಾರ್ಡಲ್ಲ, ನನ್ನ ಮಗನ ಗಾಡಿ" ಎಂದರು ಬೀಗಿತ್ತಿ. ಎಂದವರೇ ಒಳಗೆ ಹೋಗಿ ಒಲೆ ಹಚ್ಚಿ ಕುಕ್ಕರ್ ಇಟ್ಟರು. ಬೆಳಿಗ್ಗೆ ನಾನು ಕಲಸಿಟ್ಟ ಮೊಸರನ್ನ ಹಾಗೇ ಇತ್ತು. ಬೇಯುವ ಮಧ್ಯಾಹ್ನಕ್ಕೆ ಬಿಸಿ ಸಾರೇ ಆಗಬೇಕಂತೆ. ಮೂರು ಸಲ ಸೀಟಿ ಕೂಗಿತು. ಆ ಹಬೆ ಹೋಗಲು ಜಾಗವಿಲ್ಲದೆ ಚಾವಣಿಗೆ ಅಂಟಿ, ಬೆವರಿನಂತೆ ನಮ್ಮ ತಲೆಯ ಮೇಲೆ ತೊಟ್ಟಿಕ್ಕಿತು. ಅಳಿಯ ತಾಯಿಗೆ ನೋವಾಗಬಾರದೆಂದು ಎರಡು ಸಲ ಸಾರು ಹಾಕಿಸಿಕೊಂಡು ಉಂಡ. ನಾನು ಹೊರಗೆ ಗಾಡಿಯ ಗಿಡ್ಡ ನೆರಳಿನಲ್ಲಿ ಮುಚ್ಚಳದ ಡಬ್ಬಿಯಿಂದ ಮೊಸರನ್ನ ತಿಂದೆ. ನೊಣಗಳು ಬಾಯಿಗೂ ಚಮಚಕ್ಕೂ ನಡುವೆ ಪಾಲು ಕೇಳುತ್ತಿದ್ದವು.

ಬಿಸಿಲಿಗೆ ಅಲ್ಲಿ ಕರುಣೆಯಿಲ್ಲ. ನಮ್ಮ ಬೇಸಿಗೆಯಲ್ಲಿ ಸಂಜೆ ಮೋಡವಾದರೂ ಕಟ್ಟಿ ಆಸೆ ತೋರಿಸುತ್ತದೆ. ಇಲ್ಲಿಯ ಆಕಾಶ ಬಾಗಿಲು ಹಾಕಿದ ಕಚೇರಿಯ ಹಾಗೆ, ಯಾರ ಅರ್ಜಿಯನ್ನೂ ತೆಗೆದುಕೊಳ್ಳುವುದಿಲ್ಲ. ಗಾಳಿಯೂ ಬೀಸುತ್ತಿತ್ತು, ಬಾಣಲೆಯ ಮೇಲಿಂದ ಬಂದಂತೆ. ಗಾಡಿಯ ಬಾಗಿಲಿನ ಹಿಡಿ ಮುಟ್ಟಲು ಸೆರಗು ಬೇಕಿತ್ತು. ಹೊರಗೆ ಬಿಟ್ಟಿದ್ದ ಬೀಗಿತ್ತಿಯ ರಬ್ಬರ್ ಚಪ್ಪಲಿ ಒಣಗಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ನೋಡಿ ನನಗೆ ಒಂದು ಕ್ಷಣ ಹಿತವಾಯಿತು.

ಮೂರು ಗಂಟೆಗೆ ಫ್ರಿಜ್ಜಿನಲ್ಲಿಟ್ಟಿದ್ದ ನನ್ನ ಥರ್ಮಾಮೀಟರ್ ನೋಡಿದೆ. ಆರು ಡಿಗ್ರಿ ಇರಬೇಕಾದ್ದು ಹದಿನೇಳಾಗಿತ್ತು. ಹೊರಗೆ ಹೋಗಿ ಜಾಲರಿಯ ಹತ್ತಿರ ಕೈ ಹಿಡಿದೆ, ಹಿಡಿಯಲಾಗಲಿಲ್ಲ. ಅಳಿಯನನ್ನು ಐಸಿಗೆ ಕಳಿಸಿದೆ. ಐಸು ಮುಗಿದು ಹೋಗಿದೆ, ನಾಳೆ ಲಾರಿ ಬಂದಾಗ ಸಿಗುತ್ತದೆ ಎಂಬ ಉತ್ತರದೊಂದಿಗೆ ಬಂದ. ಅಷ್ಟರಲ್ಲಿ ಹದಿನೇಳು ಹತ್ತೊಂಬತ್ತಾಯಿತು. ಫ್ರಿಜ್ಜು ಕೈಚೆಲ್ಲಿದ ಮೇಲೆ ಅದು ಬರೀ ಬಿಸಿ ಪೆಟ್ಟಿಗೆ. ಒಳಗಿನ ಹಾಲಿನ ಡಬ್ಬಿ ಆಗಲೇ ಉಬ್ಬಿತ್ತು.

ಹಿಂದೆ ನಾನಿದ್ದ ತಾಲ್ಲೂಕು ಆಸ್ಪತ್ರೆಯಲ್ಲಿ ಕರೆಂಟು ಹೋದರೆ ಲಸಿಕೆಯನ್ನೂ ಔಷಧಿಯನ್ನೂ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ತೂಗುಹಾಕುತ್ತಿದ್ದೆವು. ಗಾಳಿ ಒಣಗಿದಷ್ಟೂ ಬಟ್ಟೆ ತಣ್ಣಗಾಗುತ್ತದೆ. ನನ್ನ ಹಳೆಯ ನೂಲಿನ ಸೀರೆಯಲ್ಲಿ ಒಂದು ಗೇಣು ಹರಿದು, ಎರಡು ಸೀಸೆಗಳನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಒದ್ದೆ ಮಾಡಿ ಸುತ್ತಿ, ಪೂರ್ವದ ನೆರಳಿನ ಕಿಟಕಿಗೆ ನೇತುಹಾಕಿದೆ. ಇದರಿಂದ ಒಂದೆರಡು ಗಂಟೆ ಸಿಗುತ್ತದೆ. ಸಂಜೆಯ ಬಿಸಿಲು ಇನ್ನೂ ಬಾಕಿಯಿತ್ತು. ರಾತ್ರಿಯೂ, ನಾಳೆಯ ಇಡೀ ದಾರಿಯೂ ಇತ್ತು. ಫ್ರಿಜ್ಜು ಮತ್ತೆ ಚೇತರಿಸಿಕೊಳ್ಳಲೇಬೇಕು, ಅದಕ್ಕೆ ಗಾಡಿ ತಿರುಗಲೇಬೇಕು.

ಕಟ್ಟುವ ಮುಂಚೆ ಒಂದು ಸೀಸೆಯನ್ನು ಬೀಗಿತ್ತಿಯ ಅಂಗೈಗೆ ಇಟ್ಟಿದ್ದೆ. ಅವರು ಹಾಸಿಗೆಯ ಮೇಲೆ, ದಕ್ಷಿಣಕ್ಕೆ ತಲೆ ಹಾಕಿ, ಸರಿಯಾಗಿ ಮಲಗಿದ್ದರು.

"ತಂಪೇ ಇಲ್ಲ" ಎಂದರು.

"ಇನ್ನು ಬಿಸಿಯಾಗತ್ತೆ. ಕೆಟ್ಟ ಔಷಧಿ ಕೆಟ್ಟಿದೆ ಅಂತ ಹೇಳಲ್ಲ. ನೀರಿನ ಹಾಗೆ ಒಳಗೆ ಹೋಗತ್ತೆ. ಆಮೇಲೆ ನಿಮ್ಮನ್ನ ಯಾವ ದಿಕ್ಕಿಗೆ ಮಲಗಿಸಿದ್ರೂ ಒಂದೇ."

ಅಳಿಯ "ಅತ್ತೆ" ಎಂದು ತಡೆಯಲು ಬಂದ. ನೀವು ಸುಮ್ಮನಿರಿ ಎಂದೆ. ಮದುವೆಯಾಗಿ ಅಷ್ಟು ವರ್ಷದಲ್ಲಿ ಅಳಿಯನಿಗೆ ನಾನು ಹಾಗೆ ಹೇಳಿದ್ದು ಅದೊಂದೇ ಸಲ. ಅವನು ಬಾಗಿಲಲ್ಲೇ ನಿಂತ.

ಬೀಗಿತ್ತಿ ಎದ್ದು ಕೂತರು. ಸೀಸೆಯನ್ನು ನನ್ನ ಕೈಗೆ ವಾಪಸು ಕೊಟ್ಟರು. ಅವರ ಹಣೆಯ ಕುಂಕುಮ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಆಮೇಲೆ, ಸೋತವರ ದನಿಯಲ್ಲಲ್ಲ, ಕೆಲಸ ಒಪ್ಪಿಸುವವರ ದನಿಯಲ್ಲಿ, ಪೂಜೆ ಮಾಡಿ ಕೂರಿಸಿದ್ದನ್ನು ಪೂಜೆ ಮಾಡಿಯೇ ಎಬ್ಬಿಸಬೇಕು ಎಂದರು. ಪೂಜೆಗೆ ಸ್ನಾನ ಬೇಕು. "ತಲೆ ಮೇಲಿಂದ ಸ್ನಾನ. ಒಂದು ಬಕೆಟ್ ಪೂರ್ತಿ. ಕೊಡ್ತೀರಾ, ಸಿಸ್ಟರಮ್ಮ?"

ಗಾಡಿಯ ತೊಟ್ಟಿಯ ನೀರಿಗೆ ನಾನೇ ಕಾವಲುಗಾತಿ ಎಂದು ಅವರಿಗೆ ಗೊತ್ತಿತ್ತು. ಅಲ್ಲಿ ನೀರು ತುಂಬಿಸಲು ಬಿಡುವುದಿಲ್ಲ, ರೋಡ್‌ಹೌಸಿನ ಸ್ನಾನದ ಮನೆಗೆ ಬೀಗ ಹಾಕಿತ್ತು. ಕುಡಿಯುವುದನ್ನು ಬಿಟ್ಟರೆ ಉಳಿದದ್ದು ಒಂದು ಬಕೆಟ್ಟಿನಷ್ಟು, ಅದು ರಾತ್ರಿಯವರೆಗೆ ಕಿಟಕಿಯ ಟವೆಲುಗಳಿಗೆ ಎಂದು ಎತ್ತಿಟ್ಟದ್ದು. ಲೆಕ್ಕ ಹಾಕಿಯೇ ಕೇಳಿದ್ದರು. ಕೊಡುವುದಿಲ್ಲ ಎಂದರೆ ಗಾಡಿ ತಿರುಗುವುದಿಲ್ಲ, ತಪ್ಪು ನನ್ನದಾಗುತ್ತದೆ.

ಕೊಟ್ಟೆ. ಆದರೆ ಅವರನ್ನು ಸ್ನಾನದ ಗೂಡಿನಲ್ಲಿ ಪಾತ್ರೆ ತೊಳೆಯುವ ದೊಡ್ಡ ಟಬ್ಬಿನೊಳಗೆ ನಿಲ್ಲಿಸಿದೆ. ಸುರಿದ ನೀರಿನಲ್ಲಿ ಮುಕ್ಕಾಲು ಪಾಲು ಟಬ್ಬಿಗೆ ಬಂತು. ಅವರು ಒದ್ದೆ ತಲೆಗೆ ಟವೆಲು ಸುತ್ತಿ ಹೊರಬರುವಷ್ಟರಲ್ಲಿ ಅದೇ ನೀರಿನಲ್ಲಿ ಕಿಟಕಿಯ ಟವೆಲುಗಳನ್ನೆಲ್ಲ ಅದ್ದಿ ಹಿಂಡುತ್ತಿದ್ದೆ.

"ನನ್ನ ಮೈಲಿಗೆ ನೀರನ್ನ ಮನೆ ತುಂಬ ನೇತುಹಾಕ್ತೀರಾ?"

"ಹೂಂ. ನಿಮ್ಮ ಮೈಲಿಗೆಯಿಂದಲೇ ಎಲ್ಲರಿಗೂ ತಂಪು."

ಅಳಿಯನಿಗೆ ನಗು ಬಂತು. ತಾಯಿ ನೋಡಿದ್ದಕ್ಕೆ ಕೆಮ್ಮಿದ.

ಅವರು ಪೂಜೆಗೆ ಕೂತರು. ಹೂವಿಲ್ಲ, ಅಕ್ಷತೆಗೆ ಅಕ್ಕಿಯಿತ್ತು. ಕರ್ಪೂರ ಹಚ್ಚಲು ಹೊರಟಾಗ ನಾನು ಕೈ ಅಡ್ಡ ಇಟ್ಟೆ. ಒಳಗೆ ಇನ್ನೊಂದು ಬೆಂಕಿಯ ಅಗತ್ಯವಿಲ್ಲ, ಫ್ರಿಜ್ಜಿನ ಗ್ಯಾಸೂ ಉರಿಯುತ್ತಿದೆ. ನನ್ನನ್ನು ಉರಿಯುವ ಹಾಗೆ ನೋಡಿದರು, ಆದರೆ ಕರ್ಪೂರವನ್ನು ಹಚ್ಚದೆಯೇ ಬೆಳಗಿದರು. ಮಂತ್ರ ಒಂದಕ್ಷರ ಬಿಡದೆ ಹೇಳಿ, ಅಕ್ಷತೆ ಹಾಕಿ, ಗಣಪತಿಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲನೆ ಎತ್ತಿದರು. ಅದನ್ನು ಹಿಡಿದಿದ್ದ ಅಂಟು ಬಿಸಿಗೆ ಪಾಕವಾಗಿ ಎಳೆಎಳೆಯಾಗಿ ಬಂತು. ಹಾಗೇ ತಂದು ಫ್ರಿಜ್ಜಿನ ತಲೆಯ ಮೇಲೆ ಇಟ್ಟರು.

"ಇಲ್ಲೇ ಕೂತು ಕಾಯಲಿ. ನಿಮ್ಮನ್ನ ನಂಬಿ ಕೂತ್ರೆ ಆಗಲ್ಲ" ಎಂದರು.

ಅಳಿಯ ಗಾಡಿಯನ್ನು ತಿರುಗಿಸಿದ. ನಾನು ಹೊರಗೆ ನಿಂತು ಕೈಸನ್ನೆ ಮಾಡಿ, ಗಾಡಿಯ ನೆರಳನ್ನು ನೋಡಿಕೊಂಡು, ಮೂತಿ ಸರಿಯಾಗಿ ಉತ್ತರಕ್ಕೆ ಬರುವವರೆಗೆ ಎರಡು ಸಲ ಮುಂದೆ ಹಿಂದೆ ಮಾಡಿಸಿದೆ. ನೆರಳುಬಟ್ಟೆ ಬಿಚ್ಚಿ ಗೂಟಕ್ಕೆ ಕಟ್ಟಿದೆವು. ಸೀಸೆಗಳ ಗಂಟನ್ನು ಈಗ ಪೂರ್ವಕ್ಕೆ ಬಂದ ಬಲಗಡೆಯ ಕಿಟಕಿಗೆ ಬದಲಿಸಿದೆ. ಜಾಲರಿ ನೆರಳಿಗೆ ಬಂತು. ಅದರ ಮೇಲೆ ಅಳಿಯ ಒಂದು ರಟ್ಟಿನಿಂದ ಗಾಳಿ ಬೀಸುತ್ತ ನಿಂತ, ಎಂಜಿನಿಯರಿಂಗ್ ಓದು ಕೊನೆಗೂ ಉಪಯೋಗಕ್ಕೆ ಬಂದ ಹಾಗೆ. ಕಿಟಕಿಯ ಒದ್ದೆ ಟವೆಲುಗಳ ಮೂಲಕ ಬಂದ ಗಾಳಿ ಒಳಗೆ ಉಸಿರಾಡುವಂತಿತ್ತು. ಬೀಗಿತ್ತಿ ತಲೆಯ ಟವೆಲು ಬಿಚ್ಚಿ ಕಿಟಕಿಯ ಪಕ್ಕ ಕೂದಲು ಒಣಗಿಸುತ್ತ ಕೂತರು.

ನಾಲ್ಕೂವರೆಗೆ ಥರ್ಮಾಮೀಟರ್ ಹತ್ತೊಂಬತ್ತರಲ್ಲೇ ಇತ್ತು. ಐದೂವರೆಗೆ ಹದಿನೈದು. ಅಲ್ಲಿಯವರೆಗೆ ಕಿಟಕಿಯ ಬಟ್ಟೆ ಒಣಗಿದಾಗಲೆಲ್ಲ ನನ್ನ ಪಾಲಿನ ಕುಡಿಯುವ ನೀರಿನಿಂದ ಒದ್ದೆ ಮಾಡುತ್ತಿದ್ದೆ. ಒಂದು ಸಲ ನಾನು ಏಳುವ ಮುಂಚೆಯೇ ಬೀಗಿತ್ತಿ ಎದ್ದು ತಮ್ಮ ಲೋಟದಿಂದ ನೀರು ಚಿಮುಕಿಸಿದರು. ಅಳತೆಗಿಂತ ಹೆಚ್ಚು ಚೆಲ್ಲಿದಿರಿ ಎಂದೆ. ಔಷಧಿ ತನ್ನದು, ನೀರೂ ತನ್ನ ಪಾಲಿನದು ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ರಾತ್ರಿ ಎಂಟು ಗಂಟೆಗೆ ಹೊರಗೆ ಬೆಳಕು ಕೆಂಪಾಗಿತ್ತು. ಥರ್ಮಾಮೀಟರ್ ಎಂಟು ಡಿಗ್ರಿಗೆ ಇಳಿದಿತ್ತು. ಕಿಟಕಿಯ ಗಂಟು ಬಿಚ್ಚಿದೆ. ಒಂದೊಂದೇ ಸೀಸೆಯನ್ನು ಅಂಗೈಗಳ ನಡುವೆ ಉರುಳಿಸಿ ಬೆಳಕಿಗೆ ಹಿಡಿದು ನೋಡಿದೆ. ಗಾಜಿಗೆ ಚೂರು ಅಂಟಿದ್ದರೆ, ಒಳಗೆ ಗರಣೆ ಕಟ್ಟಿದ್ದರೆ, ಎಸೆಯಬೇಕು. ಎರಡೂ ಹಾಲಿನ ಹಾಗೆ ಸಮನಾಗಿದ್ದವು. ಬೀಗಿತ್ತಿ ನನ್ನ ಮುಖವನ್ನೇ ನೋಡುತ್ತಿದ್ದರು. ಸರಿಯಿದೆ ಎಂದೆ. ಅವರು ದೃಷ್ಟಿಯನ್ನು ಫ್ರಿಜ್ಜಿನ ಮೇಲಕ್ಕೆ ತಿರುಗಿಸಿ ಕೈಮುಗಿದರು. ಆ ನಮಸ್ಕಾರದಲ್ಲಿ ನನಗೆ ಪಾಲಿರಲಿಲ್ಲ, ನಾನು ನಿರೀಕ್ಷಿಸಿಯೂ ಇರಲಿಲ್ಲ.

ಬೆರಳು ಚುಚ್ಚಿ ಸಕ್ಕರೆ ನೋಡಿದೆ, ಮಧ್ಯಾಹ್ನದ ಸಾರನ್ನದ ಫಲ ಅದರಲ್ಲಿತ್ತು. ಔಷಧಿ ಎಳೆದುಕೊಂಡೆ. ಅವರು ಗೋಡೆಯ ಕಡೆ ಮುಖ ಮಾಡಿ ತೋಳು ಚಾಚಿದರು.

"ನಿಮ್ಮ ಕೈ ಕಬ್ಬಿಣ" ಎಂದರು.

"ಅಲ್ಲಾಡಬೇಡಿ" ಎಂದೆ.

ಆಮೇಲೆ ಅವರು ದಕ್ಷಿಣಕ್ಕೆ ತಲೆ ಹಾಕಿ, ದೇವರಿಲ್ಲದ ಡ್ಯಾಶ್‌ಬೋರ್ಡಿನ ಕಡೆಗೆ ಕಾಲು ಚಾಚಿ ಮಲಗಿದರು. ನಾನು ಸೂಜಿಯನ್ನು ಕಾಫಿಪುಡಿಯ ಖಾಲಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಉಬ್ಬಿದ ಹಾಲನ್ನು ಹೊರಗೆ ಚೆಲ್ಲಿದೆ. ಚಾವಣಿಯ ಕಿಂಡಿಗಳನ್ನು ತೆರೆದೆ. ಎರಡು ಸೀಸೆಗಳನ್ನೂ ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿಟ್ಟು, ಬಾಗಿಲು ಮುಚ್ಚಿ, ಚಿಲಕ ಕೂತಿದೆಯೇ ಎಂದು ಒಂದು ಸಲ ಎಳೆದು ನೋಡಿದೆ. ಕೂತಿತ್ತು.